ಎಲ್ಲಾ ಬೆಟ್ಟಕ್ಕೂ ಒಂದೇ ಬೂಟಾ? | ಚಾರಣ ಸರಣಿ 4

ಕುಮಾರ ಪರ್ವತಕ್ಕೂ ಆಗ್ಲಿ, ಮುಂದೆ ಹಿಮಾಲಯಕ್ಕೂ ಆಗ್ಲಿ ಅಂತ ದಪ್ಪ ಲೆದರ್ ಬೂಟು ನೋಡ್ತಿದ್ದೀರಾ? ಸ್ವಲ್ಪ ತಡೀರಿ.

ಹಿಮದಲ್ಲಿ ಕ್ರಾಂಪಾನ್ ಕಟ್ಟೋ ಬೂಟಿನ ಅಟ್ಟೆ ಗಡುಸಾಗಿರಬೇಕು. ಬಗ್ಗಿದರೆ ಇಳಿಜಾರಿನಲ್ಲಿ ಕ್ರಾಂಪಾನ್ ಕಳಚಿಕೊಳ್ಳಬಹುದು, ಅಲ್ಲಿ ಕಳಚಿದರೆ ಜಾರೋದು ನೀವೇ. ಆದರೆ ಅದೇ ಅಟ್ಟೆಯಲ್ಲಿ ಕುಕ್ಕೆಯಿಂದ 1,712 ಮೀಟರ್ ಶಿಖರದವರೆಗೆ ಕಾಡು, ಹುಲ್ಲುಗಾವಲು, ಬಂಡೆ ಅಂತ ನಡೆದು ನೋಡಿ. ಹಿಮ್ಮಡಿ ತುಂಬ ಗುಳ್ಳೆ.

ವಾಟರ್‌ಪ್ರೂಫ್ ಬೇಕೇ ಬೇಕು ಅನ್ನೋರಿಗೆ: ಮಳೆಗಾಲದ ಘಟ್ಟದಲ್ಲಿ ನೀರು ಇಳಿಯೋದು ಮೇಲಿಂದ, ಕಾಲುಚೀಲದ ಮೂಲಕ. ಒಳಗೆ ಬಂದಿದ್ದು ಹೊರಗೆ ಹೋಗಲ್ಲ, ದಿನವಿಡೀ ಪಾದ ನೆನೀತಾನೇ ಇರುತ್ತೆ. ಇಲ್ಲಿಗೆ ಒಳ್ಳೆ ಹಿಡಿತದ, ಬೇಗ ಒಣಗೋ ಹಗುರ ಶೂನೇ ಸರಿ. (ಉಂಬಳಕ್ಕೆ ಲೀಚ್ ಸಾಕ್ಸ್ ಬೇರೆ ಹಾಕ್ಕೊಳ್ಳಿ, ಯಾವ ಬೂಟೂ ಅದನ್ನ ತಡೆಯಲ್ಲ.)

ಪಾಕೆಟ್ ಮನಿಯಲ್ಲಿ ಒಂದೇ ಜೊತೆ ತಗೊಳ್ಳೋಕಾಗೋದು ಅಂದ್ರೆ ವರ್ಷಕ್ಕೆ ನಾಲ್ಕೈದು ಸಲ ಹತ್ತೋ ಘಟ್ಟಕ್ಕೇ ತಗೊಳ್ಳಿ. ಹಿಮದ ಬೂಟು ಮನಾಲಿಯಂಥ ಕಡೆ ಬಾಡಿಗೆಗೆ ಸಿಗುತ್ತೆ. ಕೊಳ್ಳೋದಿರಲಿ, ಬಾಡಿಗೆ ಇರಲಿ, ಸಂಜೆ ಪಾದ ಊದಿರೋ ಹೊತ್ತಲ್ಲಿ ಸಾಕ್ಸ್ ಸಮೇತ ಹಾಕಿ ಮೆಟ್ಟಿಲು ಇಳೀರಿ. ಹೆಬ್ಬೆರಳು ಮುಂದೆ ತಾಗಿತಾ, ಆಫರ್ ಎಷ್ಟೇ ಇರಲಿ, ವಾಪಸ್ ಇಟ್ಟುಬಿಡಿ.