ಚಳಿನಾಡಿನ ಕೋಳಿಗೆ ಜುಟ್ಟೇ ಭಾರ

ಕೋಳಿಯ ತಲೆಯ ಮೇಲಿನ ಕೆಂಪು ಜುಟ್ಟು ನೋಡುವವರ ಕಣ್ಣಿಗೆ ಕಿರೀಟ. ಕೆನಡಾ ದೇಶದ ಕ್ವೆಬೆಕ್ ಪ್ರಾಂತದ ರೈತನಿಗಾದರೋ ಅದೇ ಚಿಂತೆಯ ಮೂಲ. ಅಲ್ಲಿಯ ಚಳಿಗಾಲದಲ್ಲಿ ಉಷ್ಣಮಾನ ಸೊನ್ನೆಗಿಂತ 20-30 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಕ್ಕೆ ಇಳಿಯುವುದುಂಟು.

ಕೋಳಿಯ ಮೈಗೆ ಪುಕ್ಕದ ಹೊದಿಕೆಯಿದೆ. ಜುಟ್ಟಿಗೂ ಗಲ್ಲದ ಕೆಳಗಿನ ಜೋಲುಮಾಂಸಕ್ಕೂ ಅದಿಲ್ಲ. ಸುಮಾರು 41 ಡಿಗ್ರಿಯಷ್ಟಿರುವ ಮೈಶಾಖದಲ್ಲಿ ಹೆಚ್ಚಾದುದನ್ನು ಹೊರಗೆ ಕಳೆಯುವ ದಾರಿಗಳಲ್ಲಿ ಇವೂ ಸೇರಿವೆ. ಬಿಸಿಲು ನಾಡಿನಲ್ಲಿ ಇದು ವರ. ಇಟಲಿ ಮೂಲದ ಬಿಳಿ ಲೆಗ್‌ಹಾರ್ನ್ ತಳಿಯ ದೊಡ್ಡ ಜುಟ್ಟು ಸೆಕೆಯಲ್ಲಿ ಅದಕ್ಕೆ ನೆರವೇ ಆಗುತ್ತದೆ. ಹಿಮದ ನಾಡಿನಲ್ಲಿ ಅದೇ ಜುಟ್ಟು ಮರಗಟ್ಟಿ, ತುದಿ ಕಪ್ಪಾಗಿ ಉದುರುತ್ತದೆ. ಆ ನೋವಿನಲ್ಲಿ ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಹುಂಜದ ಸಂತಾನಶಕ್ತಿಯೂ ಕುಗ್ಗುತ್ತದೆ.

ಕ್ವೆಬೆಕ್ಕಿನ ಓಕಾ ಎಂಬಲ್ಲಿ ಟ್ರ್ಯಾಪಿಸ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಮಠವೊಂದಿದ್ದಿತು. ಅಲ್ಲಿಯ ಕೋಳಿಸಾಕಣೆಯನ್ನು ನೋಡಿಕೊಳ್ಳುತ್ತಿದ್ದ ಸೋದರ ವಿಲ್ಫ್ರಿಡ್ ಶಾತಲೆನ್ ಅವರಿಗೆ, ಕೆನಡಾದ ಅಂಗಳಗಳಲ್ಲಿದ್ದ ಕೋಳಿಗಳೆಲ್ಲ ಹೊರನಾಡಿನ ತಳಿಗಳೆಂಬುದು ಕೊರತೆಯಾಗಿ ತೋರಿತು. ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ದಶಕದಲ್ಲಿ ಅವರು ಕೆಲಸಕ್ಕೆ ಕೈಹಾಕಿದರು. ಕಪ್ಪು ಕಾರ್ನಿಷ್ ಹುಂಜಕ್ಕೆ ಬಿಳಿ ಲೆಗ್‌ಹಾರ್ನ್ ಹೇಂಟೆ. ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಬಿಳಿ ವಯಂಡಾಟ್ ಹೇಂಟೆ. ಈ ಎರಡು ಸಂಬಂಧಗಳ ಮರಿಗಳನ್ನು ಕೂಡಿಸಿ, ಮುಂದೆ ಬಿಳಿ ಪ್ಲಿಮತ್ ರಾಕ್ ತಳಿಯನ್ನೂ ಬೆರೆಸಿದರು. ಪ್ರತಿ ಪೀಳಿಗೆಯಲ್ಲಿಯೂ ಜುಟ್ಟು ಚಿಕ್ಕದಾದ, ಚಳಿಗಾಲದಲ್ಲಿ ಮೊಟ್ಟೆ ನಿಲ್ಲಿಸದ ಹಕ್ಕಿಯನ್ನೇ ಆರಿಸಿಕೊಂಡರು. 1918ರಲ್ಲಿ ಹೊಸ ತಳಿ ಜನರ ಮುಂದೆ ಬಂದಿತು. 1921ರಲ್ಲಿ ಅಮೆರಿಕದ ಕೋಳಿಸಾಕಣೆ ಸಂಘ ಅದನ್ನು ಅಂಗೀಕರಿಸಿತು. ಅದರ ಹೆಸರು ಶಾಂತೆಕ್ಲೇರ್. ಫ್ರೆಂಚ್ ಭಾಷೆಯಲ್ಲಿ ಹಾಡುವುದು, ಸ್ಪಷ್ಟ ಎಂಬರ್ಥದ ಎರಡು ಮಾತುಗಳು ಸೇರಿ ಈ ಹೆಸರಾಗಿದೆ. ತಲೆಗೆ ಅಂಟಿಕೊಂಡ ಪುಟ್ಟ ಮೆತ್ತೆಯಂಥ ಜುಟ್ಟು, ಇದೆಯೋ ಇಲ್ಲವೋ ಎಂಬಂಥ ಜೋಲುಮಾಂಸ, ದಟ್ಟವಾದ ಪುಕ್ಕ, ಕಂದು ಮೊಟ್ಟೆ: ಇವು ಅದರ ಲಕ್ಷಣಗಳು.

ಹಾಗಾದರೆ ಒಳ್ಳೆಯ ತಳಿಯನ್ನು ಆರಿಸಿದ ಮೇಲೆ ರೈತನಿಗೆ ಬೇರೆ ಕೆಲಸವೇ ಇಲ್ಲವೆ? ಉಂಟು. ಹೇಂಟೆ ಮೊಟ್ಟೆಯಿಡುವುದು ಬೆಳಕಿನ ಅಳತೆಯ ಮೇಲೆ. ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ದೊರೆತರೆ ಅದು ಚೆನ್ನಾಗಿ ಮೊಟ್ಟೆಯಿಡುತ್ತದೆ. ಉತ್ತರದ ನಾಡುಗಳಲ್ಲಿ ಚಳಿಗಾಲದ ಹಗಲು ಬಹಳ ಕಿರಿದು. ಆದುದರಿಂದ ಗೂಡಿನಲ್ಲಿ ದೀಪ ಉರಿಸಬೇಕಾಗುತ್ತದೆ. ಇನ್ನೊಂದು ವಿಷಯ ತೇವದ್ದು. ಬೆಚ್ಚಗಿರಲೆಂದು ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿದರೆ ಕೋಳಿಗಳ ಉಸಿರಿನ ಮತ್ತು ಹಿಕ್ಕೆಯ ತೇವ ಒಳಗೇ ನಿಂತು, ಜುಟ್ಟು ಮರಗಟ್ಟುವುದು ಇನ್ನೂ ಸುಲಭವಾಗುತ್ತದೆ. ಒಣಗಿದ ನೆಲ, ಮೇಲ್ಭಾಗದಲ್ಲಿ ಗಾಳಿಯಾಡಲು ದಾರಿ, ಹೆಪ್ಪುಗಟ್ಟದ ಕುಡಿಯುವ ನೀರು: ಇವಿಲ್ಲದೆ ಯಾವ ತಳಿಯೂ ಯಜಮಾನನ ಮಾನ ಉಳಿಸಲಾರದು.

ಶಾಂತೆಕ್ಲೇರ್‌ನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಕೃತಕ ಬೆಳಕಿನ ದೊಡ್ಡ ಮನೆಗಳಲ್ಲಿ ಸಾವಿರಗಟ್ಟಲೆ ಸಂಕರ ಕೋಳಿಗಳನ್ನು ಸಾಕುವ ಕಾಲ ಬಂದಿತು. ಒಳಗೇ ಬೆಚ್ಚಗಿರುವ ಹಕ್ಕಿಗೆ ಚಳಿ ತಡೆಯುವ ಗುಣವೇಕೆ? ಹಳೆಯ ತಳಿ ಮೂಲೆಗೆ ಸರಿಯಿತು. 1979ರಲ್ಲಿ ಅದು ಅಳಿದೇ ಹೋಯಿತೆಂದು ಹೇಳಲಾಯಿತು. ಆದರೆ ಸಣ್ಣ ರೈತರ ಅಂಗಳಗಳಲ್ಲಿ ಅಲ್ಲೊಂದು ಇಲ್ಲೊಂದು ಗುಂಪು ಬದುಕಿತ್ತು. ಕ್ವೆಬೆಕ್ ಸರ್ಕಾರ 1999ರಲ್ಲಿ ಶಾಸನ ಮಾಡಿ, ಪ್ರಾಂತದ ಕುದುರೆ ಮತ್ತು ಹಸುವಿನ ತಳಿಗಳ ಜೊತೆಗೆ ಈ ಕೋಳಿಯನ್ನೂ ನಾಡಿನ ಪರಂಪರೆಯ ಸ್ವತ್ತೆಂದು ಸಾರಿತು.

ಹೆಚ್ಚು ಮೊಟ್ಟೆಯಿಡುವ ಕೋಳಿ ಯಾವುದೆಂದು ಕೇಳುವವರು ಮೊದಲು ತಮ್ಮ ಊರಿನ ಹವೆಯನ್ನು ನೋಡಬೇಕು. ವರ್ಷದಲ್ಲಿ ಎಂಟು ತಿಂಗಳು ಬುಟ್ಟಿ ತುಂಬಿಸಿ, ಮಕ್ಕಳಿಗೆ ಮೊಟ್ಟೆ ಬೇಕಾದ ಚಳಿಗಾಲದಲ್ಲಿ ಬರಿಗೈ ತೋರಿಸುವ ಹಕ್ಕಿಗಿಂತ, ಒಂದೆರಡು ಕಡಿಮೆಯಾದರೂ ವರ್ಷವೆಲ್ಲ ಕೈಬಿಡದ ಹಕ್ಕಿಯೇ ಸಂಸಾರಸ್ಥನಿಗೆ ಲೇಸು.