ಇಲ್ಲದ ನಿಧಿಯೊಂದರ ಕಥೆ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ನಾವು ಸಂಸ್ಥೆಗಳ ಹುಟ್ಟಿದ ವರ್ಷಗಳಿಂದ ಬರೆಯುತ್ತ ಬಂದಿದ್ದೇವೆ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್. ಪಟ್ಟಿ ಬೇಕಾದದ್ದೇ. ಆದರೆ ಇಂಥ ಸಂಸ್ಥೆಗಳ ಆಶ್ರಯದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಬೇರೆಡೆ ದುಡಿದು ಸಂಜೆ ಪಾಠ ಹೇಳಿದ ಮಾಸ್ತರುಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅಂಥವರಲ್ಲೊಬ್ಬರು, ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಗೆಳೆಯರು, ಈಚೆಗೆ ಡೊಂಬಿವಲಿಯಲ್ಲಿ ತೀರಿಕೊಂಡರು. ಹೆಸರು ಹಾಕಬಾರದೆಂದು ಮನೆಯವರ ಕೋರಿಕೆ. ಅದು ಅವರ ಸ್ವಭಾವಕ್ಕೆ ಒಪ್ಪುವಂಥದೇ.

ಬಲ್ಲಾರ್ಡ್ ಎಸ್ಟೇಟಿನ ಹಡಗು ಕಂಪೆನಿಯೊಂದರಲ್ಲಿ ಅವರು ಗುಮಾಸ್ತರು. ಕಚೇರಿ ಬಿಟ್ಟವರು ನೇರ ಶಾಲೆಗೆ ಹೋಗುತ್ತಿರಲಿಲ್ಲ. ಫೋರ್ಟಿನ ಹೊಟೇಲುಗಳ ಗಲ್ಲಾದ ಬಳಿ ನಿಂತು ಧಣಿಗಳೊಡನೆ ಊರಿನ ಮಳೆ, ಕೋಲ, ಯಕ್ಷಗಾನದ ಮಾತಾಡುವರು. ಹೊರಡುವಾಗ, "ಆ ಹುಡುಗನನ್ನು ಏಳು ಗಂಟೆಗೆ ಬಿಟ್ಟುಕೊಡಿ" ಎನ್ನುವರು. ಕಚೇರಿಗಳು ಮುಚ್ಚಿದ ಮೇಲೆ ಫೋರ್ಟಿನಲ್ಲಿ ಗಿರಾಕಿ ಕಡಿಮೆ. ಆದರೆ ಮರುದಿನದ ಇಡ್ಲಿಗೆ ರುಬ್ಬುವುದು, ಪಾತ್ರೆ ತೊಳೆಯುವುದು ಇದ್ದೇ ಇರುತ್ತಿತ್ತು. ಆ ಎರಡು ಗಂಟೆಗಳನ್ನು ಅವರು ಒಬ್ಬೊಬ್ಬ ಹುಡುಗನಿಗಾಗಿ ಬೇಡಿ ತಂದರು. ಹೊಟೇಲಿನಲ್ಲೇ ಮಲಗುವವರಿಗೆ ಒಂದು ಬಲ್ಬು ಉರಿಯಲಿ ಎಂದೂ ಕೇಳಿಕೊಳ್ಳುತ್ತಿದ್ದರು. ಕೆಲವು ಧಣಿಗಳು ಬೈದರು. ಮರುದಿನವೂ ಇವರು ಹೋದರು.

ಎಸ್ಸೆಸ್ಸಿ ಶುಲ್ಕ ಕಟ್ಟಲಾಗದವರಿಗೆ, "ಸಂಘದ ನಿಧಿಯಿಂದ ಬಂದಿದೆ" ಎಂದು ಹೇಳಿ ತಾವೇ ಕಟ್ಟುತ್ತಿದ್ದರು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾಗಿ ಪರಳ್, ಲಾಲ್‌ಬಾಗ್‌ಗಳ ಮನೆಗಳಲ್ಲಿ ಸಂಬಳ ನಿಂತಾಗ ಈ 'ನಿಧಿ'ಗೆ ಹೊರೆ ಹೆಚ್ಚಿರಬೇಕು. ನಮಗೆ ಯಾರಿಗೂ ತಿಳಿದಿರಲಿಲ್ಲ. ಕೆಲವು ವರ್ಷಗಳ ಬಳಿಕ ಬ್ಯಾಂಕ್ ಅಧಿಕಾರಿಯೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದು, ರಾತ್ರಿಶಾಲಾ ನಿಧಿಯ ಋಣ ತೀರಿಸಬೇಕೆಂದು ಚೆಕ್ ಮುಂದಿಟ್ಟರು. ಕೋಶಾಧಿಕಾರಿಗಳು ಲೆಕ್ಕಪುಸ್ತಕಗಳನ್ನೆಲ್ಲ ತಡಕಿದರು. ಅಂಥ ನಿಧಿಯೇ ಇರಲಿಲ್ಲ! ಮಾಸ್ತರನ್ನು ಕೇಳಿದರೆ, "ಈಗ ಉಂಟಲ್ಲ, ತೆಗೆದುಕೊಳ್ಳಿ, ಮುಂದಿನ ಹುಡುಗನಿಗಾಯಿತು" ಎಂದರು. ಆ ಚೆಕ್ಕಿನಿಂದ ಖಾತೆ ತೆರೆಯಿತು. ಆಮೇಲೆ ವಕೀಲರು, ಟೈಪಿಸ್ಟರು, ಹೊಟೇಲು ಮಾಲಕರು ಒಬ್ಬೊಬ್ಬರಾಗಿ ಬಂದು ಅದಕ್ಕೆ ಸೇರಿಸಿದರು. ಶಾಲು, ಹಣ್ಣಿನ ಬುಟ್ಟಿಗಳ ನಮ್ಮ ವೇದಿಕೆಯನ್ನು ಮಾತ್ರ ಅವರು ಕೊನೆತನಕ ಹತ್ತಲಿಲ್ಲ.

ಈಗ ಅವರ ಹೆಸರಿನಲ್ಲಿ ಚಿನ್ನದ ಪದಕವಿಡಬೇಕೆಂಬ ಸೂಚನೆ ಬಂದಿದೆ. ಸದುದ್ದೇಶದ್ದೇ, ಆದರೆ ನನಗೆ ಒಪ್ಪಿಗೆಯಿಲ್ಲ. ಹಣ ಶುಲ್ಕಕ್ಕೇ ಹೋಗಲಿ. ಯಾರ ಶುಲ್ಕಕ್ಕೆ ಎಂಬುದೇ ಇಂದಿನ ಪ್ರಶ್ನೆ. ತುಳುನಾಡಿನಿಂದ ಹುಡುಗರು ತಟ್ಟೆ ತೊಳೆಯಲು ಬರುತ್ತಿದ್ದ ಕಾಲ ಮುಗಿದಿದೆ. ಅದು ಸಂತೋಷದ ಸಂಗತಿ. ಇಂದು ನಮ್ಮವರ ಹೊಟೇಲುಗಳಲ್ಲಿ ತಟ್ಟೆ ಎತ್ತುವವರು ಒಡಿಶಾ, ಝಾರ್ಖಂಡ್, ಉತ್ತರ ಪ್ರದೇಶಗಳ ಹುಡುಗರು. ಮಾಸ್ತರ ಶಿಷ್ಯರೊಬ್ಬರು ಮುಲುಂಡಿನ ತಮ್ಮ ಹೊಟೇಲಿನ ಇಬ್ಬರನ್ನು ದಿನವೂ ಏಳು ಗಂಟೆಗೆ ಹಿಂದಿ ಮಾಧ್ಯಮದ ರಾತ್ರಿಶಾಲೆಗೆ ಬಿಡುತ್ತಾರೆ. ಅವರ ಶುಲ್ಕವನ್ನು ನಿಧಿಯಿಂದ ಕೊಡಬಹುದೇ ಎಂದು ಬರೆದು ಕೇಳಿದ್ದಾರೆ. ಕನ್ನಡ ಸಂಘದ ಹಣ ಕನ್ನಡದ ಮಕ್ಕಳಿಗೇ ಎಂಬ ವಾದ ಕಾರ್ಯಕಾರಿ ಸಮಿತಿಯಲ್ಲಿ ಬಲವಾಗಿದೆ. ಕೊಡಬೇಕೆಂಬುದು ನನ್ನ ಮತ. ವಾರ್ಷಿಕ ಮಹಾಸಭೆಯಲ್ಲಿ ವಿಷಯ ಚರ್ಚೆಗೆ ಬರಲಿದೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಅದಕ್ಕೆ ಮೊದಲೇ ಬರೆದು ತಿಳಿಸಬೇಕಾಗಿ ವಿನಂತಿ.