ರೊಟ್ಟಿಗೆ ಸುರಿಯುವ ಹಸಿ ಎಣ್ಣೆ ನಮ್ಮ ಹೊಲದ್ದೇ ಇರಲಿ

ಎಣ್ಣೆಯ ಮಾತು ಬಂದರೆ ಎಲ್ಲರೂ ಒಗ್ಗರಣೆ ಮತ್ತು ಕರಿಯುವುದರ ಬಗ್ಗೆಯೇ ಹೇಳುತ್ತಾರೆ. ಕಾಯಿಸದೆ ಹಾಗೇ ತಿನ್ನುವ ಎಣ್ಣೆಯ ವಿಚಾರ ಯಾರೂ ಎತ್ತುವುದಿಲ್ಲ. ನಮ್ಮ ಗದಗ, ಬಾಗಲಕೋಟೆ, ವಿಜಾಪುರ ಕಡೆಯ ಊಟದಲ್ಲಿ ಇದು ದಿನಾ ಇರುವಂಥದು. ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿಯೋ ಗುರೆಳ್ಳು ಹಿಂಡಿಯೋ ಹಾಕಿಕೊಂಡು, ನಡುವೆ ಕುಳಿ ಮಾಡಿ, ಎಣ್ಣೆ ಸುರಿದು ಕಲಸಿಕೊಂಡರೆ ಊಟ ಶುರು. ಕೆಂಪು ಖಾರಕ್ಕೂ ಹಸಿ ಎಣ್ಣೆ ಬೇಕು, ಮೆಂತ್ಯ ಸೊಪ್ಪಿನ ಪಚಡಿಗೂ ಬೇಕು.

ಈಗ ಪೇಟೆಯ ಹುಡುಗರಿಗೆ ಮೇಯೊನೈಸ್ ಎಂಬುದೊಂದು ರೂಢಿಯಾಗಿದೆ. ಧಾರವಾಡದಲ್ಲಿ ಓದುವ ನನ್ನ ತಮ್ಮನ ಮಗಳು ಫೋನ್ ಮಾಡಿ, “ದೊಡ್ಡಪ್ಪಾ, ರೂಮಿನ್ಯಾಗ ಮೇಯೊನೈಸ್ ಮಾಡಾಕತ್ತೀವಿ, ಯಾವ ಎಣ್ಣಿ ಹಾಕಿದ್ರ ಚಲೋ?” ಎಂದು ಕೇಳಿದಳು. ಅದೇನೆಂದು ಅವಳಿಂದಲೇ ತಿಳಿದುಕೊಂಡೆ. ಮೊಟ್ಟೆ, ಲಿಂಬೆರಸ, ಉಪ್ಪು ಹಾಕಿ, ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತಾ ಕಡೆದರೆ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಎಣ್ಣೆಯೇ, ಅದೂ ಹಸಿ. ಅಂದಮೇಲೆ ಅವಳ ಪ್ರಶ್ನೆಯೂ ನಮ್ಮ ರೊಟ್ಟಿ-ಹಿಂಡಿಯ ಪ್ರಶ್ನೆಯೂ ಒಂದೇ.

ನನ್ನ ಅಭಿಪ್ರಾಯ ಇಷ್ಟು. ಹಸಿಯಾಗಿ ತಿನ್ನುವ ಎಣ್ಣೆಗೆ ಮೂರು ಸಂಗತಿ ನೋಡಬೇಕು: ಯಾವ ಕಾಳು, ಎಂದು ಅರೆದದ್ದು, ಹೇಗೆ ಇಟ್ಟದ್ದು. ಈ ಮೂರಕ್ಕೂ ಖಾತ್ರಿಯಿಂದ ಉತ್ತರ ಹೇಳಬಲ್ಲವನು ಬೆಳೆದ ರೈತ. ಆದರೆ ನಾವೇ ಕಾಳೆಲ್ಲ ಪೇಟೆಗೆ ಹಾಕಿ, ಬರುವಾಗ ಪಾಕೀಟಿನ ಎಣ್ಣೆ ಹಿಡಿದುಕೊಂಡು ಬರುತ್ತೇವೆ.

ಯಾವ ಕಾಳಿಗೆ ಯಾವ ಗುಣ

ಕುಸುಬೆ: ಇದರ ಎಣ್ಣೆಯಲ್ಲಿ ನೂರಕ್ಕೆ ಸುಮಾರು 75 ಪಾಲು ಲಿನೋಲಿಕ್ ಆಮ್ಲ. ಇದು ನಮ್ಮ ಶರೀರ ತಾನಾಗಿ ತಯಾರಿಸಲಾರದ, ಊಟದಿಂದಲೇ ಸಿಗಬೇಕಾದ ಕೊಬ್ಬು. ಗಟ್ಟಿ ಕೊಬ್ಬಿನ ಬದಲಿಗೆ ಇದನ್ನು ತಿಂದರೆ ರಕ್ತದ ಕೊಲೆಸ್ಟೆರಾಲ್ ಇಳಿಯುತ್ತದೆ. ಗಟ್ಟಿ ಕೊಬ್ಬು ಕುಸುಬೆಯಲ್ಲಿ ನೂರಕ್ಕೆ ಹತ್ತರ ಆಸುಪಾಸು, ಪಾಮೋಲಿನ್‌ನಲ್ಲಿ 40ರ ಮೇಲೆ. ಆದರೆ ಕುಸುಬೆ ಎಣ್ಣೆ ಕಾವು ತಾಳುವುದಿಲ್ಲ. ಬಜಿ ಕರಿಯಲು ಇದನ್ನು ಇಡಬಾರದು. ರೊಟ್ಟಿಗೆ, ಪಚಡಿಗೆ ಇದರಂಥದು ಇನ್ನೊಂದಿಲ್ಲ.

ಶೇಂಗಾ: ಹಸಿಯಾಗಿಯೂ ನಡೆಯುತ್ತದೆ, ಒಗ್ಗರಣೆಗೂ ನಡೆಯುತ್ತದೆ, ಕರಿಯಲಿಕ್ಕೂ ನಡೆಯುತ್ತದೆ. ಒಂದೇ ಎಣ್ಣೆ ಇಡುವ ಮನೆಗೆ ಇದೇ ಸರಿ.

ಎಳ್ಳು: ಎಣ್ಣೆ ಬೇಗ ಕೆಡದಂತೆ ಕಾಯುವ ಸತ್ವ ಅದರಲ್ಲೇ ಇದೆ. ಆದ್ದರಿಂದಲೇ ಹಿಂದಿನವರು ಉಪ್ಪಿನಕಾಯಿಗೆ ಇದನ್ನು ಹಾಕುತ್ತಿದ್ದರು.

ಗುರೆಳ್ಳು: ಗುಣದಲ್ಲಿ ಕುಸುಬೆಯ ಸಮೀಪ. ಆದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಹಿಂಡಿ ಮಾಡಿ ತಿನ್ನುವುದೇ ಜಾಣತನ.

ಅಗಸೆ: ಒಮೆಗಾ-3 ಎನ್ನುವ ಕೊಬ್ಬು ಇದರ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಕುಸುಬೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಗಸೆ ಎಣ್ಣೆ ಗಾಳಿಗೆ ಬಂದರೆ ಬಣ್ಣದಂತೆ ಒಣಗಿ ಅಂಟಾಗುತ್ತದೆ. ಹಾಗಾಗಿ ಕಾಳು ಹುರಿದು, ಹಿಂಡಿ ಕುಟ್ಟಿ, ಹದಿನೈದು ದಿನದೊಳಗೆ ಮುಗಿಸಬೇಕು.

ಈಗ ಹಳೆಯ ತಾಟನ್ನು ನೆನಪು ಮಾಡಿಕೊಳ್ಳಿ. ಜೋಳದ ರೊಟ್ಟಿ, ಅಗಸಿ ಹಿಂಡಿ, ಮೇಲೆ ಕುಸುಬಿ ಎಣ್ಣಿ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ನಮ್ಮ ಅವ್ವಂದಿರು ಇದನ್ನು ಯಾವ ಪುಸ್ತಕ ಓದಿ ಮಾಡಿದ್ದಲ್ಲ. ಹೊಲದಲ್ಲಿ ಏನು ಬೆಳೆಯಿತೋ ಅದನ್ನು ಉಂಡರು.

ಗಾಣದ್ದೆಂದು ಕಣ್ಣು ಮುಚ್ಚಬೇಡಿ

ಗಾಣದ ಎಣ್ಣೆಯೆಲ್ಲ ಅಮೃತ, ರಿಫೈಂಡ್ ಎಲ್ಲ ವಿಷ ಎಂದು ಈಗ ಬಹಳ ಮಂದಿ ಭಾಷಣ ಮಾಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಶೇಂಗಾ ಕಿತ್ತಾಗ ಮಳೆ ಹಿಡಿದರೆ, ಸರಿಯಾಗಿ ಒಣಗಿಸದೆ ಚೀಲ ತುಂಬಿದರೆ ಕಾಳಿಗೆ ಬೂಸ್ಟು ಬರುತ್ತದೆ. ಅದರಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಪಿತ್ತಜನಕಾಂಗಕ್ಕೆ ಕೇಡು, ಕ್ಯಾನ್ಸರಿಗೂ ಕಾರಣ. ಇಂಥ ಕಾಳನ್ನು ಗಾಣಕ್ಕೆ ಹಾಕಿದರೆ ವಿಷದ ಹೆಚ್ಚಿನ ಪಾಲು ದನದ ಹಿಂಡಿಗೆ ಹೋಗುತ್ತದೆ, ಅಲ್ಲಿಂದ ಹಾಲಿಗೆ ಬರುತ್ತದೆ. ಉಳಿದದ್ದು ಎಣ್ಣೆಯಲ್ಲೇ ನಿಲ್ಲುತ್ತದೆ. ರಿಫೈನ್ ಮಾಡುವಾಗ ಈ ವಿಷ ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಆದ್ದರಿಂದ ಗಾಣಕ್ಕೆ ಹಾಕುವ ಕಾಳು ಬಿತ್ತುವ ಬೀಜದಷ್ಟೇ ಚಂದ ಇರಬೇಕು. ಕಪ್ಪಾದ, ಮುರುಟಿದ, ಒಡೆದ ಕಾಳನ್ನು ಆರಿಸಿ ತೆಗೆದು ಸುಟ್ಟುಬಿಡಿ. “ಇರಲಿ, ಎಣ್ಣಿಗೆ ಆಗ್ತೈತಿ” ಎಂದು ಪಕ್ಕಕ್ಕೆ ಇಡುವ ಚಾಳಿ ನಮ್ಮಲ್ಲಿ ಬಹಳ ಇದೆ, ಅದು ಬಿಡಬೇಕು.

ಇನ್ನೊಂದು ಕಲಬೆರಕೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆ ತಿಂದವರಿಗೆ ಮೈ-ಕಾಲು ಬಾತು ಹತ್ತಾರು ಜನ ಸತ್ತರು. ಎಣ್ಣೆಯಲ್ಲಿ ಅರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳು ಕಳೆಯ ಎಣ್ಣೆ ಸೇರಿತ್ತು. ಆ ಕಳೆ ನಮ್ಮ ಬದುವಿನಲ್ಲೂ ಇದೆ. ಕಾಳು ಹಸನು ಮಾಡುವುದು ಬರೀ ತೂಕದ ಲೆಕ್ಕಕ್ಕೆ ಎಂದು ತಿಳಿಯಬಾರದು.

ಗಾಣದ ಮುಂದೆ ನಿಂತು ಅರೆಸಿಕೊಂಡು ಬರುವುದೂ ಮುಖ್ಯ. ಒಮ್ಮೆ ನಾನು ಪೇಟೆಯ ಒಂದು ಗಿರಣಿಗೆ ಕುಸುಬೆ ಕೊಟ್ಟೆ. “ನಾಳೆ ಬರ್ರಿ” ಅಂದರು. ಮರುದಿನ ಕೊಟ್ಟ ಎಣ್ಣೆಯಲ್ಲಿ ಕುಸುಬೆಯ ವಾಸನೆಯೇ ಇರಲಿಲ್ಲ. ಕೇಳಿದರೆ, “ಎಲ್ಲಾರದೂ ಕೂಡಿಸಿ ಹಾಕ್ತೀವಿ” ಎಂದರು. ಅಂದಿನಿಂದ ಕೊನೆಯ ಹನಿ ಬೀಳುವವರೆಗೂ ನಾನು ಅಲ್ಲೇ ಕೂಡುತ್ತೇನೆ.

ಹಸಿ ಎಣ್ಣೆಗೆ ದೊಡ್ಡ ವೈರಿಗಳು ಬೆಳಕು, ಗಾಳಿ, ಸೆಕೆ. ವರ್ಷದ ಎಣ್ಣೆ ಒಮ್ಮೆಲೇ ತೆಗೆಸಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಒಲೆಯ ಹತ್ತಿರ ಇಟ್ಟರೆ ಕಮಟಾಗದೆ ಮತ್ತೇನಾದೀತು? ಕಾಳನ್ನು ಕಾಳಾಗಿಯೇ ಇಡಿ. ಎರಡು ತಿಂಗಳಿಗೊಮ್ಮೆ ಬೇಕಾದಷ್ಟೇ ತೆಗೆಸಿ. ನಾಲ್ಕು ದಿನ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಡಬ್ಬಿಯಲ್ಲೋ ಬಣ್ಣದ ಬಾಟಲಿಯಲ್ಲೋ ತಂಪು ಜಾಗದಲ್ಲಿಡಿ.

ಎಷ್ಟು ಬೇಕು?

ಒಳ್ಳೆಯ ಎಣ್ಣೆಯೆಂದು ಸುರುವಿಕೊಂಡು ತಿನ್ನುವಂತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ ಸಾಕು ಎಂದಿದೆ. ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಕಿಲೊ ಆಯಿತು. ಅದರಲ್ಲಿ ಹಸಿಯಾಗಿ ತಿನ್ನುವುದು ಒಂದು ಕಿಲೊ ಎಂದು ಹಿಡಿಯಿರಿ. ವರ್ಷಕ್ಕೆ ಹನ್ನೆರಡು ಕಿಲೊ. ಒಂದು ಕಿಲೊ ಎಣ್ಣೆಗೆ ಸುಮಾರು ನಾಲ್ಕು ಕಿಲೊ ಕುಸುಬೆ ಬೇಕು. ಅಂದರೆ ಅರ್ಧ ಕ್ವಿಂಟಲ್ ಕಾಳು. ಒಣಬೇಸಾಯದಲ್ಲಿ ಎಕರೆಗೆ ಎರಡು ಕ್ವಿಂಟಲ್ ಬಂದರೂ ಹತ್ತು ಗುಂಟೆ ಸಾಕು. ದನಕ್ಕೆ ಹಿಂಡಿ ಬೇರೆ ಸಿಗುತ್ತದೆ.

ಕುಸುಬೆ ಯಾಕೆ ಹೋಯಿತು?

ಹಿಂಗಾರಿಯಲ್ಲಿ ಬಿಳಿಜೋಳದ ಸುತ್ತ, ಕಡಲೆಯ ನಡುವೆ ಅಕ್ಕಡಿಯಾಗಿ ಕುಸುಬೆ ಇರದ ಹೊಲ ನಾನು ಸಣ್ಣವನಿದ್ದಾಗ ನೋಡಿದ್ದಿಲ್ಲ. ಬೇರು ಆಳಕ್ಕೆ ಇಳಿದು ಎರೆಮಣ್ಣಿನ ಹಸಿಯಲ್ಲೇ ಬದುಕುತ್ತದೆ. ಮುಳ್ಳಿನ ಸಲುವಾಗಿ ದನ ಒಳಗೆ ಬರುವುದಿಲ್ಲ, ಬೇಲಿಯ ಖರ್ಚಿಲ್ಲ. ಅದೇ ಮುಳ್ಳೇ ಮುಂದೆ ವೈರಿಯಾಯಿತು. ಕೊಯ್ಯಲು ಆಳು ಬರಲಿಲ್ಲ.

ದರದ ಕತೆ ಇನ್ನೊಂದು. 1986ರಲ್ಲಿ ಕೇಂದ್ರ ಸರಕಾರ ಎಣ್ಣೆಕಾಳು ಮಿಷನ್ ಶುರು ಮಾಡಿದ ಮೇಲೆ ಕೆಲವು ವರ್ಷ ರೈತರಿಗೆ ಹುರುಪು ಬಂತು. ಹೊರಗಿನ ಎಣ್ಣೆ ತರುವುದು ಬಹಳ ಕಡಿಮೆಯಾಯಿತು. 1994ರಿಂದ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಈಗ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2024ರಲ್ಲಿ ಮತ್ತೊಂದು ಮಿಷನ್ ಘೋಷಣೆಯಾಗಿದೆ. ಒಂದು ಕೈಯಲ್ಲಿ ಬೀಜ ಕೊಟ್ಟು ಇನ್ನೊಂದು ಕೈಯಲ್ಲಿ ಆಮದು ಸುಂಕ ಇಳಿಸಿದರೆ ಇದೂ ಹಾಗೇ ಆದೀತು.

ಸರಕಾರದ ದಾರಿ ನೋಡುತ್ತ ಕೂಡದೆ ಮನೆಮಟ್ಟಿಗೆ ನಾವು ಮಾಡಬಹುದಾದ್ದು ಇದೆ. ಮುಳ್ಳಿಲ್ಲದ ತಳಿಗಳು ಬಂದಿವೆ, ಮಹಾರಾಷ್ಟ್ರದ ಫಲ್ಟಣದಲ್ಲಿ ತೆಗೆದ ನಾರಿ-6 ಅಂಥದು. ಮುಳ್ಳಿನ ಕುಸುಬೆಯನ್ನೂ ಈಗ ಕಂಬೈನ್ ಯಂತ್ರದಿಂದ ಕೊಯ್ಯಬಹುದು. ಹತ್ತು ಗುಂಟೆಗಾದರೆ ಯಂತ್ರವೂ ಬೇಡ. ನಸುಕಿನಲ್ಲಿ ಇಬ್ಬನಿ ಇದ್ದಾಗ ಮುಳ್ಳು ಮೆತ್ತಗಿರುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು ಗಂಡ-ಹೆಂಡತಿ ಎರಡು ದಿನದಲ್ಲಿ ಮುಗಿಸಬಹುದು. ಹೇನಿನ ಕಾಟ ಮಾತ್ರ ಇದೆ. ಬಿತ್ತನೆ ತಡವಾದಷ್ಟೂ ಅದು ಹೆಚ್ಚು, ಹಸಿ ಇರುವಾಗಲೇ ಬಿತ್ತಿಬಿಡಬೇಕು.

ತಮ್ಮನ ಮಗಳಿಗೆ ನಾನು ಹೇಳಿದ್ದು: “ಸೋಸಿದ ಕುಸುಬಿ ಎಣ್ಣಿ ಹಾಕವ್ವಾ. ಫ್ರಿಜ್ಜಿನ್ಯಾಗ ಶೇಂಗಾ ಎಣ್ಣಿ ಹೆಪ್ಪುಗಟ್ಟತೈತಿ, ಇದು ಗಟ್ಟುದಿಲ್ಲ. ಸ್ವಲ್ಪ ಮಾಡ್ರಿ, ಅವತ್ತಿಂದು ಅವತ್ತ ಮುಗಸ್ರಿ.” ಹಸಿ ಮೊಟ್ಟೆಯ ಬಗ್ಗೆಯೂ ಎಚ್ಚರ ಹೇಳಿದೆ. ತಿಂದವರ ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದ್ದರಿಂದ ತೆಲಂಗಾಣ ಸರಕಾರ 2024ರ ಅಕ್ಟೋಬರಿನಲ್ಲಿ ಹಸಿ ಮೊಟ್ಟೆಯ ಮೇಯೊನೈಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತ್ತು. ಮೊಟ್ಟೆಯ ಬದಲು ತಣ್ಣನೆಯ ಹಾಲು ಹಾಕಿಯೂ ಮಾಡಲಿಕ್ಕೆ ಬರುತ್ತದೆ.

ಪೇಟೆಯವರಿಗೆ ಆರೋಗ್ಯದ ಎಣ್ಣೆ ಹುಡುಕುವುದು ಕಷ್ಟ. ನಮಗೆ ಅದು ಬಿತ್ತುವ ಪ್ರಶ್ನೆ. ಈ ಹಿಂಗಾರಿಗೆ ಜೋಳದ ಅಂಚಿಗೆ ನಾಲ್ಕು ಸಾಲು ಕುಸುಬೆ ಹಾಕಿ. ನಿಮ್ಮ ಊರ ಸಮೀಪ ಕಾಳು ಬೆರೆಸದೆ, ಎದುರಿಗೇ ಅರೆದು ಕೊಡುವ ಗಾಣ ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಹತ್ತು ಊರಿನವರು ಒಂದೇ ಗಾಣಕ್ಕೆ ಹೋದರೂ ಆ ಗಾಣ ಉಳಿಯುತ್ತದೆ, ಬೀಜವೂ ಉಳಿಯುತ್ತದೆ.